ವರದಮೂಲದಲ್ಲಿ ವರ್ಣವೂ ಮೌನವೂ

ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ವರದೆಯು ಉಗಮಿಸುವ ಈ ತಾಣದಲ್ಲಿ, ಮುಗಿಲು ಕವಿದ ದಿನ ನೀರಿನ ಮೇಲೆ ಹರಡುವ ಮರಗಳ ಛಾಯೆಯನ್ನು ಮೌನವಾಗಿ ಈಕ್ಷಿಸುವವರಿಗೆ, ಅಮೂರ್ತ ಅಭಿವ್ಯಕ್ತಿವಾದಿ ಮಾರ್ಕ್ ರಾತ್ಕೋ (1903–1970) ಅಂಚು ಕರಗಿದ ಎರಡು ಮೂರು ವರ್ಣಪಟ್ಟಿಗಳಲ್ಲಿಯೇ ಶೋಕೋಲ್ಲಾಸಗಳನ್ನು ಹಿಡಿಯಲೆಳಸಿದ ಬಗೆಯು ತಾನಾಗಿ ಮನದಟ್ಟಾಗುವುದು. ಅವನ ಸಮಕಾಲೀನ ಛಾಯಾಗ್ರಾಹಕ ಆರನ್ ಸಿಸ್ಕಿಂಡನು, ನ್ಯೂಯಾರ್ಕಿನ ಅಮೂರ್ತ ಅಭಿವ್ಯಕ್ತಿವಾದಿ ಚಿತ್ರಕಾರರ ಸಖ್ಯದಲ್ಲಿ, ಬಣ್ಣ ಸುಲಿದ ಗೋಡೆಗಳನ್ನೇ ಅಮೂರ್ತ ಚಿತ್ರಗಳಾಗಿಸಿ, ಅವರಲ್ಲೊಬ್ಬನಾದ ಮಿತ್ರ ಫ್ರಾನ್ಜ್ ಕ್ಲೈನನ ಸ್ಮರಣೆಗೆ ಒಂದು ಚಿತ್ರಮಾಲೆಯನ್ನು ಅರ್ಪಿಸಿದನು. ಅಷ್ಟು ದೂರವೇಕೆ? ಇದೇ ಸಾಗರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆಗಳನ್ನೆಳೆಯುವ ಚಿತ್ತಾರವೂ ಅಂತಹುದೇ ಮಿತವರ್ಣದ ಸಾಧನೆಯಲ್ಲವೆ! ಈ ಮಿತವನ್ನೇ ನೆನೆದು, ಇಲ್ಲಿಗೆ ಕ್ಯಾಮೆರಾ ತಂದವರು ದಯವಿಟ್ಟು ಅವಸರಿಸಬಾರದು. ಚೌಕಟ್ಟಿನೊಳಗೆ ತೇಲುವ ಒಂದೆಲೆ, ಅದರ ಸುತ್ತ ಬರಿಯ ನೀರು, ಇಷ್ಟಿದ್ದರೆ ಸಾಕು.