ಹೃದಯದೊಳಗಿನ ಚಿಪ್ಪು

ಬಹುಕಾಲದ ಮೇಲೆ ಗೆಳೆಯ ಸಿಕ್ಕಾಗ, ಮೊಮ್ಮಗು ವೇದಿಕೆಯ ಮೇಲೆ ಹಾಡಿದಾಗ, ಇಲ್ಲಿನ ಹಿರಿಯರು ‘ಇಟ್ ವಾರ್ಮ್ಸ್ ದ ಕಾಕಲ್ಸ್ ಆಫ್ ಮೈ ಹಾರ್ಟ್’ ಎನ್ನುವುದುಂಟು. ಎದೆಯಾಳದ ಸಂತೋಷ ಎಂಬುದು ಇದರ ಅರ್ಥ. ಕಾಕಲ್ ಎಂದರೆ ಎರಡು ಚಿಪ್ಪುಗಳ ನಡುವೆ ಬಾಳುವ ಕಡಲಜೀವಿ, ನಮ್ಮ ಕರಾವಳಿಯವರ ಮರುವಾಯಿಯ ದಾಯಾದಿ. ಡ್ರೋಹೆಡಾದಲ್ಲಿರುವ ನಮಗೆ ಅದು ಹೊಸದೇನಲ್ಲ. ಬೆಟಿಸ್‌ಟೌನ್ ಮರಳಿನಿಂದ ಮಕ್ಕಳು ಆಯ್ದು ತರುವ ಗೆರೆಗೆರೆಯ ಕಪ್ಪೆಚಿಪ್ಪುಗಳಲ್ಲಿ ಇದೂ ಒಂದು. ಡಬ್ಲಿನ್ನಿನಲ್ಲಿ 1988ರಿಂದ ಪ್ರತಿಮೆಯಾಗಿ ನಿಂತಿರುವ ಮಾಲಿ ಮಲೋನಳ ಕೈಗಾಡಿಯ ಸರಕೂ ಇದೇ. ಆದರೆ ಇದು ಹೃದಯದೊಳಗೆ ಹೇಗೆ ಸೇರಿತು?

ಅಂಗರಚನೆಯ ಪಾಠದಲ್ಲಿ ಹೃದಯದ ಕೋಣೆ, ಕವಾಟಗಳನ್ನೆಲ್ಲ ಬಾಯಿಪಾಠ ಮಾಡಿದ ನಮಗೆ ಕಾಕಲ್ ಎಂಬ ಭಾಗ ಎಲ್ಲಿಯೂ ಸಿಗಲಿಲ್ಲ. ಈ ನುಡಿಗಟ್ಟು ಬರಹದಲ್ಲಿ ಕಾಣಿಸುವುದು 1671ರಲ್ಲಿ, ಜಾನ್ ಈಚರ್ಡ್ ಎಂಬ ಕೇಂಬ್ರಿಜ್‌ನ ಪಾದ್ರಿಯ ವಿಡಂಬನೆಯೊಂದರಲ್ಲಿ. ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರಲು ಆಗ ಇನ್ನೂ ಎರಡು ವರ್ಷವಿತ್ತು. ಸ್ವಾರಸ್ಯವೆಂದರೆ ಅಲ್ಲಿ ಬಿಸಿಯ ಮಾತೇ ಇಲ್ಲ. ಹೃದಯದ ಕಾಕಲ್‌ಗಳು ಹಿಗ್ಗುತ್ತವೆ, ನಾವು ‘ಹಿರಿಹಿರಿ ಹಿಗ್ಗಿದ’ ಎನ್ನುತ್ತೇವಲ್ಲ, ಹಾಗೆ. ಬೆಚ್ಚಗಾಗುವುದು ಆಮೇಲೆ ಬಂದದ್ದು.

ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವೈದ್ಯನಾದ ನನ್ನನ್ನು ಹಿಡಿದು ನಿಲ್ಲಿಸುವುದು ರಿಚರ್ಡ್ ಲೋವರ್ ಎಂಬ ವೈದ್ಯನ ಕಥೆ. 1667ರಲ್ಲಿ ಕುರಿಯ ರಕ್ತವನ್ನು ಮನುಷ್ಯನಿಗೆ ಕೊಟ್ಟ ಧೈರ್ಯಶಾಲಿ ಈತ. (ಆ ರೋಗಿ ಬದುಕಿದ ಎಂಬುದೇ ಆಶ್ಚರ್ಯ!) 1669ರಲ್ಲಿ ಹೃದಯದ ಮೇಲೆ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥದಲ್ಲಿ ಆತ, ಹೃದಯದ ಸ್ನಾಯುವಿನ ಎಳೆಗಳು ಸುರುಳಿ ಸುತ್ತಿಕೊಂಡು ಮೇಲೇರುವುದನ್ನು ‘ಕಾಕ್ಲಿಯಾ’ಕ್ಕೆ, ಅಂದರೆ ಬಸವನಹುಳುವಿನ ಚಿಪ್ಪಿಗೆ, ಹೋಲಿಸಿದ. ಒಳಗಿವಿಯ ಸುರುಳಿಗೆ ಇಂದಿಗೂ ಇದೇ ಹೆಸರು. ಹೃದಯ ಬರಿದೇ ಕುಗ್ಗುವುದಿಲ್ಲ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ ಎಂಬ ಆತನ ಮಾತು ಸರಿಯೆಂದು ಇಂದಿನ ಎಕೋ ಯಂತ್ರಗಳೂ ತೋರಿಸುತ್ತವೆ.

ಕಾಕ್ಲಿಯಾ, ಕಾಕಲ್, ನಡುವೆ ಎರಡೇ ವರ್ಷ, ನಂಬಲು ಆಸೆಯಾಗುತ್ತದೆ. ಆದರೂ ನನ್ನ ಮಟ್ಟಿಗೆ ಇದು ಪಂಡಿತರ ಸಮರ್ಥನೆ. ಮುಚ್ಚಿದ ಕಾಕಲ್ ಚಿಪ್ಪನ್ನು ಪಕ್ಕದಿಂದ ನೋಡಿದರೆ ಸಾಕು, ಥೇಟು ಹೃದಯದ ಆಕಾರ. ಜೀವಶಾಸ್ತ್ರಜ್ಞ ಲಿನೇಯಸ್ ಕೂಡ ಆ ಕುಲಕ್ಕೆ ‘ಕಾರ್ಡಿಯಂ’ ಎಂದು ಹೃದಯದ ಗ್ರೀಕ್ ಹೆಸರನ್ನೇ ಇಟ್ಟ. ವಿಜ್ಞಾನಿಯ ಕಣ್ಣಿಗೆ ಬಿದ್ದ ಹೋಲಿಕೆ ಬೆಸ್ತರ ಕಣ್ಣಿಗೆ ಬೀಳದೆ ಇದ್ದೀತೆ?

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಎದೆ ಬೆಚ್ಚಗಾಯಿತು’ ಎಂದರೆ ನಮ್ಮ ಅಜ್ಜಿ ಜ್ವರವೇ ಎಂದು ಹಣೆ ಮುಟ್ಟಿ ನೋಡಿಯಾರು. ಚಳಿಯ ನಾಡಿನ ಸುಖ ಬೆಚ್ಚಗಿನದು, ಬಿಸಿಲ ನಾಡಿನದು ತಣ್ಣಗಿನದು. ನಮ್ಮಲ್ಲಿ ಮನಸ್ಸು ತಂಪಾಗುತ್ತದೆ. ಉಣ್ಣಲಿಟ್ಟ ತಾಯಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಆಕೆಯ ಮಕ್ಕಳು ಬಾಳಲಿ ಎಂಬ ಹಾರೈಕೆ ಅದರೊಳಗಿದೆ.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕಾಕಲ್ಸ್ ಗೊತ್ತು, ತಣ್ಣಗಿನ ಹೊಟ್ಟೆ ಗೊತ್ತಿಲ್ಲ. ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ. ಊರಿನಿಂದ ಬಂದ ಅಜ್ಜಿಯನ್ನು ವೈದ್ಯರ ಬಳಿ ಕರೆದೊಯ್ದಾಗ ಬಹಳ ಸಲ ದುಭಾಷಿ ಮೊಮ್ಮಗನೇ. ಆಕೆ ದೂರದ ಮಗಳನ್ನು ನೆನೆದು ‘ಹೊಟ್ಟೆ ಉರಿಯುತ್ತೆ ಕಣಪ್ಪಾ’ ಎನ್ನುತ್ತಾಳೆ. ಹುಡುಗ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸುತ್ತಾನೆ. ವೈದ್ಯರು ಆಮ್ಲಕ್ಕೆ ಗುಳಿಗೆ ಬರೆಯುತ್ತಾರೆ. ನಿಜವಾದ ಹೊಟ್ಟೆಯುರಿಯೂ ಇರಬಹುದು, ಎದೆನೋವು ಹಾಗೆ ತೋರುವುದೂ ಉಂಟು, ಅದನ್ನು ಪರೀಕ್ಷಿಸಲೇಬೇಕು. ಆದರೆ ‘ಯಾವಾಗಿನಿಂದ ಅಜ್ಜಿ, ಊಟ ಮಾಡಿದ ಮೇಲೋ, ಅತ್ತೆಯನ್ನು ನೆನೆದಾಗಲೋ?’ ಎಂದು ಕನ್ನಡದಲ್ಲಿ ಕೇಳಿ ವೈದ್ಯರಿಗೆ ತಿಳಿಸಲು ಆ ಹುಡುಗನಿಗೆ ಬರಬೇಕು.