ಹಳೆಯ ಬ್ರೌಸರ್‌ನಲ್ಲಿ ವಿಡಿಯೋ ಪ್ಲೇ ಆಗುತ್ತಿಲ್ಲವೇ? ಹೀಗೆ ಸರಿಪಡಿಸಿಕೊಳ್ಳಿ

ವಿಡಿಯೋ ಮೇಲೆ ಕ್ಲಿಕ್ ಮಾಡಿದರೆ ಕಪ್ಪು ಪರದೆ, ಸುತ್ತುತ್ತಲೇ ಇರುವ ಚಕ್ರ, ಇಲ್ಲವೇ ಈ ಬ್ರೌಸರ್‌ನಲ್ಲಿ ವಿಡಿಯೋ ಪ್ಲೇ ಆಗದು ಎಂಬ ಸಂದೇಶ. ಹಳೆಯ ಕಂಪ್ಯೂಟರ್ ಇರುವ ಮನೆಗಳಲ್ಲಿ ಇದು ಸಾಮಾನ್ಯ ಗೋಳು. ಹೆಚ್ಚಿನವರು ಮೊದಲು ಬೈಯುವುದು ಇಂಟರ್ನೆಟ್ ಸಂಪರ್ಕವನ್ನು. ಆದರೆ ಅದೇ ವೈ-ಫೈನಲ್ಲಿ ನಿಮ್ಮ ಮೊಬೈಲ್‌ನಲ್ಲಿ ಅದೇ ವಿಡಿಯೋ ಸರಾಗವಾಗಿ ಓಡುತ್ತಿದ್ದರೆ ತೊಂದರೆ ಇರುವುದು ನೆಟ್‌ನಲ್ಲಲ್ಲ, ಬಹುತೇಕ ಬ್ರೌಸರ್‌ನಲ್ಲಿ.

ಮೊದಲು ಒಂದು ಎಚ್ಚರಿಕೆ

ವಿಡಿಯೋ ನೋಡಲು ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ, ಕೋಡೆಕ್ ಡೌನ್‌ಲೋಡ್ ಮಾಡಿ ಎಂದು ವೆಬ್ ಪುಟದಲ್ಲಿ ಮೂಡುವ ಬಟನ್ ಒತ್ತಲೇಬೇಡಿ. ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ರಂದೇ ಬೆಂಬಲ ನಿಲ್ಲಿಸಿದೆ. 2021ರ ಜನವರಿ 12ರಿಂದ ಅದರಲ್ಲಿ ವಿಡಿಯೋ, ಗೇಮ್ ಓಡದಂತೆಯೂ ತಡೆದಿದೆ. ಹಾಗಾಗಿ ಈಗ ಪುಟದ ಮಧ್ಯೆ ಕಾಣುವ ಫ್ಲ್ಯಾಶ್ ಅಪ್‌ಡೇಟ್ ವಂಚಕರ ಬಲೆ ಎಂದೇ ತಿಳಿಯಿರಿ. ಒಂದು ವಿಡಿಯೋ ಆಸೆಗೆ ವೈರಸ್ ಇಳಿಸಿಕೊಂಡರೆ ಪಾಸ್‌ವರ್ಡ್, ಬ್ಯಾಂಕ್ ವಿವರ ಕಳೆದುಕೊಳ್ಳುವ ಅಪಾಯವಿದೆ.

ಹಳೆಯ ಬ್ರೌಸರ್‌ಗೆ ತೊಂದರೆ ಏಕೆ?

ವಿಡಿಯೋ ಕಡತಗಳು ಬಹಳ ದೊಡ್ಡವು. ಅವನ್ನು ಕುಗ್ಗಿಸಿ ಕಳಿಸಿ, ನಿಮ್ಮ ಕಂಪ್ಯೂಟರ್‌ನಲ್ಲಿ ಮತ್ತೆ ಬಿಡಿಸಿ ತೋರಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಚ್.264 ಹಳೆಯ ಕೋಡೆಕ್, ವಿಪಿ9 ನಂತರದ್ದು, 2018ರಲ್ಲಿ ಬಂದ ಎವಿ1 ಇನ್ನೂ ಹೊಸತು. ಹೊಸ ಕೋಡೆಕ್‌ನಲ್ಲಿ ಬಂದ ವಿಡಿಯೋವನ್ನು ಹಳೆಯ ಬ್ರೌಸರ್‌ಗೆ ಬಿಡಿಸಲು ಬರುವುದಿಲ್ಲ. ಬಿಡಿಸಲು ಬಂದರೂ ಹಳೆಯ ಪ್ರೊಸೆಸರ್ ಸುಸ್ತಾಗಿ ಚಿತ್ರ ನಿಂತು ನಿಂತು ಓಡುತ್ತದೆ. ಯೂಟ್ಯೂಬ್ 2015ರ ಜನವರಿಯಲ್ಲೇ ಫ್ಲ್ಯಾಶ್ ಬದಲು ಎಚ್‌ಟಿಎಂಎಲ್5 ಪ್ಲೇಯರ್ ಅನ್ನು ಮುಖ್ಯವಾಗಿಸಿಕೊಂಡಿತು. ಇತರ ತಾಣಗಳೂ ಅದೇ ದಾರಿ ಹಿಡಿದವು.

ನಿಮ್ಮ ಬ್ರೌಸರ್ ಯಾವ ಆವೃತ್ತಿ?

ಕ್ರೋಮ್‌ನಲ್ಲಿ ಬಲತುದಿಯ ಮೂರು ಚುಕ್ಕೆ ಒತ್ತಿ, ಹೆಲ್ಪ್, ನಂತರ ಅಬೌಟ್ ಗೂಗಲ್ ಕ್ರೋಮ್‌ಗೆ ಹೋಗಿ. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆ ಒತ್ತಿ, ಹೆಲ್ಪ್, ನಂತರ ಅಬೌಟ್ ಫೈರ್‌ಫಾಕ್ಸ್ ಆಯ್ಕೆ ಮಾಡಿ. ಅಪ್‌ಡೇಟ್ ಲಭ್ಯವಿದ್ದರೆ ಅಲ್ಲೇ ಡೌನ್‌ಲೋಡ್ ಆಗುತ್ತದೆ. ಬ್ರೌಸರ್ ಮುಚ್ಚಿ ತೆರೆದರೆ ಸಾಕು. ಅರ್ಧಕ್ಕರ್ಧ ಸಮಸ್ಯೆ ಇಲ್ಲಿಗೇ ಮುಗಿಯಬಹುದು.

ವಿಂಡೋಸ್ 7 ಬಳಸುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ವಿಂಡೋಸ್ 7 ಮತ್ತು 8.1ಕ್ಕೆ ಸಿಗುವ ಕೊನೆಯ ಕ್ರೋಮ್ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಯಿಂದ ಕನಿಷ್ಠ ವಿಂಡೋಸ್ 10 ಬೇಕು. ಇಂಥವರು ಮೊಜಿಲ್ಲಾದ ಅಧಿಕೃತ ತಾಣದಿಂದ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿಕೊಳ್ಳಬಹುದು. ವಿಂಡೋಸ್ 7ಕ್ಕೆ ಅದೇ ಕೊನೆಯ ಫೈರ್‌ಫಾಕ್ಸ್. ಇನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದರೆ ಇಂದೇ ಬಿಟ್ಟುಬಿಡಿ. ವಿಂಡೋಸ್ 10ರಲ್ಲಿ ಅದನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದೇ ನಿವೃತ್ತಿಗೊಳಿಸಿದೆ.

ಲಕ್ಷಣ ನೋಡಿ ಪರಿಹಾರ ಮಾಡಿ

* ಧ್ವನಿ ಬರುತ್ತದೆ, ಚಿತ್ರ ಇಲ್ಲ ಅಥವಾ ಹಸಿರು ಬಣ್ಣ: ಇದು ಬಹುತೇಕ ಗ್ರಾಫಿಕ್ಸ್ ತೊಂದರೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗಕ್ಕೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ, ಬ್ರೌಸರ್ ಮತ್ತೆ ತೆರೆಯಿರಿ. ಸರಿಯಾದರೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

* ವಿಡಿಯೋ ನಿಂತು ನಿಂತು ಓಡುತ್ತದೆ: ಗುಣಮಟ್ಟವನ್ನು 480ಪಿ ಅಥವಾ 360ಪಿಗೆ ಇಳಿಸಿ, ಬೇಡದ ಟ್ಯಾಬ್‌ಗಳನ್ನು ಮುಚ್ಚಿ. ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿದರೆ ಯಾವ ಕೋಡೆಕ್ ಬಳಕೆಯಲ್ಲಿದೆ, ಎಷ್ಟು ಫ್ರೇಮ್ ತಪ್ಪಿಹೋಗುತ್ತಿವೆ ಎಂಬುದು ಕಾಣುತ್ತದೆ.

* ಒಂದೇ ತಾಣದಲ್ಲಿ ಮಾತ್ರ ತೊಂದರೆ: ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಓಡಿದರೆ ಯಾವುದೋ ಎಕ್ಸ್‌ಟೆನ್ಶನ್ ಅಥವಾ ಹಳೆಯ ಕ್ಯಾಶ್ ಅಡ್ಡಿಯಾಗಿದೆ. ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಕ್ಯಾಶ್ ಅಳಿಸಲು ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ. ಪಾಸ್‌ವರ್ಡ್‌ಗಳ ಆಯ್ಕೆಗೆ ಗುರುತು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅವೂ ಅಳಿಸಿಹೋಗುತ್ತವೆ.

* ಸಂಪರ್ಕ ಸುರಕ್ಷಿತವಲ್ಲ ಎಂಬ ಸಂದೇಶ: ಮೊದಲು ಕಂಪ್ಯೂಟರ್‌ನ ದಿನಾಂಕ, ಸಮಯ ನೋಡಿ. ಅವು ತಪ್ಪಿದ್ದರೆ ತಾಣದ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ನಂಬುವುದಿಲ್ಲ. ಪ್ರತಿ ಬಾರಿ ಆನ್ ಮಾಡಿದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸೆಲ್ ಮುಗಿದಿರಬಹುದು. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032. ರಿಪೇರಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

* ಯೂಟ್ಯೂಬ್ ಓಡುತ್ತದೆ, ಒಟಿಟಿ ಓಡುವುದಿಲ್ಲ: ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಸೇವೆಗಳು ನಕಲು ತಡೆಯಲು ಡಿಆರ್‌ಎಂ ಎಂಬ ಬೀಗ ಹಾಕಿರುತ್ತವೆ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಡಿಆರ್‌ಎಂ ಆಯ್ಕೆಗೆ ಗುರುತು ಹಾಕಿ. ಬ್ರೌಸರ್ ತೀರಾ ಹಳೆಯದಾದರೆ ಇದಕ್ಕೆ ಪರಿಹಾರವಿಲ್ಲ, ಮೊಬೈಲ್ ಅಥವಾ ಟಿವಿಯ ಆ್ಯಪ್‌ನಲ್ಲೇ ನೋಡಬೇಕು.

* ವಿಂಡೋಸ್‌ನ ಎನ್ ಆವೃತ್ತಿ: ಇದರಲ್ಲಿ ಮೀಡಿಯಾ ಸೌಲಭ್ಯಗಳೇ ಇರುವುದಿಲ್ಲ. ಮೈಕ್ರೋಸಾಫ್ಟ್‌ನ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬೇಕು.

ಆಂಡ್ರಾಯ್ಡ್ ಫೋನ್‌ನಲ್ಲಾದರೆ

ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಜತೆಗೆ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಅನ್ನೂ ಅಪ್‌ಡೇಟ್ ಮಾಡಿ. ಹಲವು ಆ್ಯಪ್‌ಗಳ ಒಳಗೆ ತೆರೆಯುವ ವೆಬ್ ಪುಟಗಳು ಇದನ್ನೇ ಅವಲಂಬಿಸಿವೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳಲ್ಲಿ ಭದ್ರತಾ ಪ್ರಮಾಣಪತ್ರದ ತೊಂದರೆಯೂ ಬರಬಹುದು. ಅಂಥ ಫೋನ್‌ಗಳಲ್ಲಿ ಫೈರ್‌ಫಾಕ್ಸ್ ಬಳಸಿ ನೋಡಿ. ಅದು ಫೋನ್‌ನದ್ದಲ್ಲದೆ ತನ್ನದೇ ಪ್ರಮಾಣಪತ್ರಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ.

ವಿಡಿಯೋ ಸರಿಯಾಯಿತು, ಮುಂದೇನು?

ವಿಡಿಯೋ ಓಡಿತೆಂದರೆ ಬ್ರೌಸರ್ ಸುರಕ್ಷಿತವಾಯಿತು ಎಂದಲ್ಲ. ಕ್ರೋಮ್ 109ರಂಥ ಆವೃತ್ತಿಗಳಿಗೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಆ ಕಂಪ್ಯೂಟರ್‌ನಲ್ಲಿ ವಿಡಿಯೋ ನೋಡಿ, ಸುದ್ದಿ ಓದಿ. ಬ್ಯಾಂಕ್ ವ್ಯವಹಾರ, ಆಧಾರ್, ತೆರಿಗೆ ಕೆಲಸಗಳನ್ನು ಅದರಲ್ಲಿ ಮಾಡಬೇಡಿ. ಊರಿನಲ್ಲಿರುವ ಅಪ್ಪ-ಅಮ್ಮ ಹಳೆಯ ಕಂಪ್ಯೂಟರ್ ಬಳಸುತ್ತಿದ್ದರೆ ಅವರಿಗೂ ಈ ಮಾತು ತಿಳಿಸಿ.

ಹೊಸ ಕಂಪ್ಯೂಟರ್ ಕೊಳ್ಳದೆಯೇ ಹೊಸ ಬ್ರೌಸರ್ ಬೇಕೆಂದರೆ ಲಿನಕ್ಸ್ ಮಿಂಟ್ ಉಚಿತ ದಾರಿ. ಅದಕ್ಕೆ ಕನಿಷ್ಠ 2 ಜಿಬಿ ರ್‍ಯಾಮ್ ಬೇಕು, 4 ಜಿಬಿ ಇದ್ದರೆ ಒಳ್ಳೆಯದು. ಪೆನ್‌ಡ್ರೈವ್‌ನಿಂದಲೇ ಓಡಿಸಿ, ವಿಡಿಯೋ ಸರಿಯಾಗಿ ಬರುತ್ತದೆಯೇ ಎಂದು ನೋಡಿದ ಮೇಲೆ ಇನ್‌ಸ್ಟಾಲ್ ಮಾಡಬಹುದು. ಅದಕ್ಕೂ ಮುನ್ನ ಫೋಟೋ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವು ಕನ್ನಡವಾಗಿ ಕಾಣುವುದಿಲ್ಲ.