ಆಟಗಾರನ ಹೆಸರು ಗೊತ್ತು, ಕೋಲು ಮಾಡಿದವನ ಹೆಸರು?

ರೇಷನ್ ಅಂಗಡಿ ಮುಂದೆ ನಾವು ನಿಲ್ಲೋ ಕ್ಯೂ, ಸ್ನೂಕರ್ ಆಟಗಾರ ಕೈಯಲ್ಲಿ ಹಿಡಿಯೋ ಕ್ಯೂ, ಎರಡೂ ಒಂದೇ ಪದ ಅಂದರೆ ನಂಬ್ತೀರಾ? ನಂಬಲೇಬೇಕು. ಎರಡಕ್ಕೂ ಮೂಲ ಫ್ರೆಂಚ್ ಭಾಷೆ. ಅಲ್ಲಿ ಕ್ಯೂ ಅಂದರೆ ಬಾಲ. ಜನ ಒಬ್ಬರ ಹಿಂದೆ ಒಬ್ಬರು ನಿಂತರೆ ಬಾಲದ ಹಾಗೆ ಕಾಣುತ್ತೆ, ಸರಿ. ಆದರೆ ಕೋಲಿಗೆ ಯಾಕೆ ಬಾಲ ಅನ್ನೋ ಹೆಸರು?

ಮೊದಲು ಬಿಲಿಯರ್ಡ್ಸ್‌ನಲ್ಲಿ ಈಗಿನ ಕೋಲು ಇರಲಿಲ್ಲ ಸ್ವಾಮಿ. ಮೇಸ್ ಅನ್ನೋ ಸಾಧನ ಇತ್ತು. ಉದ್ದನೆಯ ಹಿಡಿ, ಅದರ ತುದಿಗೊಂದು ದಪ್ಪನೆಯ ಮರದ ತಲೆ. ಅದರಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಟೇಬಲ್ಲಿನ ಅಂಚಿಗೆ ಹೋಗಿ ಅಂಟಿಕೊಂಡರೆ ಮಾತ್ರ ಆ ತಲೆ ಕೆಲಸಕ್ಕೆ ಬರ್ತಿರಲಿಲ್ಲ. ಆಗ ಆಟಗಾರರು ಮೇಸನ್ನು ಉಲ್ಟಾ ಮಾಡಿ ಹಿಂದಿನ ಸಣ್ಣ ತುದಿಯಿಂದ, ಅಂದರೆ ಬಾಲದಿಂದ, ಹೊಡೆಯೋಕೆ ಶುರು ಮಾಡಿದರು. ಬರ್ತಾ ಬರ್ತಾ ತಲೆ ಹೋಯ್ತು, ಬಾಲ ಉಳೀತು.

ಆದರೂ ಅದು ಬರೀ ಮರದ ತುದಿ. ಚೆಂಡಿನ ನಟ್ಟನಡುವೆ ಹೊಡೆದರೆ ಸರಿ, ಸ್ವಲ್ಪ ಪಕ್ಕಕ್ಕೆ ಹೊಡೆದರೆ ಜಾರುತ್ತೆ. ಈ ಸಮಸ್ಯೆಗೆ ಉತ್ತರ ಕೊಟ್ಟವನು ಫ್ರಾನ್ಸಿನ ಸೈನ್ಯಾಧಿಕಾರಿ ಫ್ರಾಂಸ್ವಾ ಮಿಂಗೋ. 1807ರ ಸುಮಾರಿಗೆ ಈತ ಕೋಲಿನ ತುದಿಗೆ ಚರ್ಮ ಅಂಟಿಸಿದ. ಪ್ಯಾರಿಸ್ಸಿನ ಜೈಲಿನಲ್ಲಿದ್ದಾಗ ಅಲ್ಲಿನ ಟೇಬಲ್ಲಿನ ಮೇಲೆ ಈ ಪ್ರಯೋಗ ಮಾಡಿದ, ಬಿಡುಗಡೆಯ ದಿನ ಬಂದಾಗ ‘ಇನ್ನೂ ಸ್ವಲ್ಪ ದಿನ ಒಳಗೇ ಇಟ್ಟುಕೊಳ್ಳಿ’ ಅಂತ ಕೇಳಿಕೊಂಡ ಅಂತೊಂದು ಕಥೆ ಇದೆ. ಕಥೆ ಎಷ್ಟು ನಿಜವೋ, ಚರ್ಮದ ತುದಿಯಂತೂ ನಿಜ. ಚರ್ಮ ಚೆಂಡನ್ನು ಹಿಡಿಯುತ್ತೆ. ಹಿಡಿದರೆ ತಿರುಗಿಸಬಹುದು. ಮುಂದಕ್ಕೆ ಹೋದ ಚೆಂಡು ವಾಪಸ್ ಬರೋ ಮಾಯೆ ಶುರುವಾಗಿದ್ದೇ ಅಲ್ಲಿಂದ. ಮುಂದೆ ಇಂಗ್ಲೆಂಡಿನ ಬಾತ್ ಊರಿನ ಜಾಕ್ ಕಾರ್ ಎಂಬಾತ ಚೆಂಡು ತಿರುಗಿಸೋ ಪುಡಿ ಅಂತ ಹೇಳಿ ಮಾಮೂಲಿ ಚಾಕ್ ಪುಡಿಯನ್ನೇ ದುಬಾರಿ ಬೆಲೆಗೆ ಮಾರಿದನಂತೆ. ಮಾರ್ಕೆಟಿಂಗ್ ಅಂದರೆ ಅದು ನೋಡಿ!

ಈಗ ನಮ್ಮ ಕಡೆಗೆ ಬನ್ನಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಅನ್ನೋ ಯುವ ಅಧಿಕಾರಿ ಇದ್ದ. ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ, ಈತ ಬೇರೆ. ಆಗ ಆಡ್ತಿದ್ದ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದ. ಹೊಡೆತ ತಪ್ಪಿದ ಗೆಳೆಯನನ್ನು ‘ಸ್ನೂಕರ್’ ಅಂತ ರೇಗಿಸಿದ. ವುಲಿಚ್ ಸೈನಿಕ ಅಕಾಡೆಮಿಯಲ್ಲಿ ಮೊದಲ ವರ್ಷದ ಕೆಡೆಟ್‌ಗಳಿಗೆ ಇದ್ದ ಅಡ್ಡಹೆಸರು ಅದು. ಆಟಕ್ಕೂ ಅದೇ ಹೆಸರು ನಿಂತಿತು. 1882ರಲ್ಲಿ ಅದರ ನಿಯಮಗಳು ಸಿದ್ಧವಾಗಿದ್ದು ಊಟಿ ಕ್ಲಬ್ಬಿನಲ್ಲಿ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ನಾವು ಪ್ರವಾಸಕ್ಕೆ ಹೋಗ್ತೀವಲ್ಲ, ಅದೇ ಊಟಿ.

ಆಟ ಹುಟ್ಟಿದ್ದು ಇಲ್ಲಿ. ಕೋಲು ಮಾಡೋ ವಿದ್ಯೆ ಬೆಳೆದಿದ್ದು ಮಾತ್ರ ಇಂಗ್ಲೆಂಡಿನಲ್ಲಿ. ಆ ವಿದ್ಯೆ ಎಂಥದ್ದು ಅಂತ ಸ್ವಲ್ಪ ನೋಡೋಣ.

ಸ್ನೂಕರ್ ಕೋಲು ಸಾಮಾನ್ಯವಾಗಿ 57, 58 ಇಂಚು ಉದ್ದ. ತೂಕ ಅರ್ಧ ಕಿಲೋ ಆಸುಪಾಸು. ತುದಿಯ ಅಗಲ ಒಂಬತ್ತರಿಂದ ಹತ್ತು ಮಿಲಿಮೀಟರ್. ಮುಂಭಾಗಕ್ಕೆ ಬೇಕಾಗಿರೋದು ಆ್ಯಶ್ ಮರ, ಇಲ್ಲವೇ ಮೇಪಲ್. ನಾರು ನೇರವಾಗಿ ಓಡಿರಬೇಕು. ಮರವನ್ನು ಚೌಕಟ್ಟಾಗಿ ಸೀಳಿ ಒಣಗೋಕೆ ಬಿಡ್ತಾರೆ. ಆಮೇಲೆ ಒಂದೇ ಸಲಕ್ಕೆ ಕೆತ್ತಿ ಮುಗಿಸೋದಿಲ್ಲ. ಸ್ವಲ್ಪ ಸ್ವಲ್ಪ ತೆಗೆಯೋದು, ಮತ್ತೆ ಬಿಡೋದು. ಮರದೊಳಗಿನ ಬಿಗುವು ಹೊರಗೆ ಬರಬೇಕು. ಬಾಗೋ ಕೋಲು ಆಗಲೇ ಬಾಗಲಿ, ಆಟಗಾರನ ಕೈಯಲ್ಲಿ ಬಾಗೋದು ಬೇಡ ಅನ್ನೋದು ಲೆಕ್ಕ. ಬಾಗಿದ್ದನ್ನು ಪಕ್ಕಕ್ಕೆ ಎಸೀತಾರೆ.

ಹಿಡಿಕೆಗೆ ಎಬೊನಿ, ನಮ್ಮ ಕರಿಮರ. ದಕ್ಷಿಣ ಭಾರತ, ಶ್ರೀಲಂಕಾ, ಆಫ್ರಿಕಾದ ಕಾಡುಗಳ ಮರ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಹಗುರವಾದ ಆ್ಯಶ್ ಮುಂದೆ, ಭಾರದ ಕರಿಮರ ಹಿಂದೆ. ಹಾಗಿದ್ದರೇನೇ ಕೋಲು ಕೈಯಲ್ಲಿ ಹದವಾಗಿ ಕೂರೋದು. ಇವೆರಡನ್ನೂ ಸೇರಿಸೋದೇ ಅಸಲಿ ಕಸುಬು. ಆ್ಯಶ್ ಕೋಲಿನ ದಪ್ಪ ತುದಿಯನ್ನು ಎರಡು ಪಕ್ಕದಿಂದ ಬೆಣೆಯ ಹಾಗೆ ಇಳಿಜಾರಾಗಿ ಕೆತ್ತುತ್ತಾರೆ. ಆ ಎರಡು ಮುಖಕ್ಕೆ ಕರಿಮರದ ಹಲಗೆ ಅಂಟಿಸ್ತಾರೆ. ಅಂಟು ಒಣಗಿದ ಮೇಲೆ ಉಳಿದ ಎರಡು ಪಕ್ಕ ಕೆತ್ತಿ ಮತ್ತೆರಡು ಹಲಗೆ. ಆಮೇಲೆ ಉಜ್ಜುಗೊರಡು ಹಿಡಿದು ದುಂಡಗೆ ಮಾಡ್ತಾ ಹೋದರೆ ಬಿಳಿಮರದೊಳಗೆ ನಾಲ್ಕು ಕಪ್ಪು ಎಸಳು ಏಳ್ತವೆ. ನಾಲ್ಕೂ ಒಂದೇ ಎತ್ತರಕ್ಕೆ ಬರಬೇಕು. ಒಂದು ಕಡೆ ಕೈ ಹೆಚ್ಚಾಯ್ತೋ, ಒಂದು ಎಸಳು ಗಿಡ್ಡವಾಯ್ತು.

ಯಂತ್ರದ ಕೋಲಿನಲ್ಲೂ ಈ ಎಸಳು ಇರುತ್ತೆ. ಆದರೆ ಯಂತ್ರ ಸೀಳಿ ಕೂರಿಸಿದ್ದು ಬಾಣದ ಹಾಗೆ ಚೂಪು, ಕೈಯಲ್ಲಿ ಮಾಡಿದ್ದರ ತುದಿ ದುಂಡಗಿರುತ್ತೆ. ನೋಡಿದ ತಕ್ಷಣ ಗೊತ್ತಾಗುತ್ತೆ. ಕೊನೆಗೆ ತೂಕ ಕಮ್ಮಿ ಬಿದ್ದರೆ ಹಿಡಿಕೆಯೊಳಗೆ ಸೀಸ, ತುದಿಗೆ ಹಿತ್ತಾಳೆ ಕಟ್ಟು, ಅದರ ಮೇಲೆ ಚರ್ಮ, ಮೈಗೆಲ್ಲ ಎಣ್ಣೆ.

ಇಷ್ಟೆಲ್ಲ ಮಾಡಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅಮೆರಿಕದಲ್ಲಿ ಪೂಲ್ ಆಡೋರು ಜಾರ್ಜ್ ಬಲಬುಷ್ಕಾ ಅನ್ನೋ ಹೆಸರನ್ನು ಮರೆತಿಲ್ಲ. ರಷ್ಯಾದಿಂದ ವಲಸೆ ಬಂದು, ಮರಗೆಲಸ ಮಾಡಿಕೊಂಡಿದ್ದವನು, 1959ರಲ್ಲಿ ಕೋಲು ಮಾಡೋಕೆ ಶುರು ಮಾಡಿದ. 1986ರ ‘ದಿ ಕಲರ್ ಆಫ್ ಮನಿ’ ಸಿನಿಮಾದಲ್ಲಿ ಅವನ ಹೆಸರಿನ ಕೋಲೇ ಒಂದು ಪಾತ್ರ. ತಮಾಷೆ ಅಂದರೆ, ಪರದೆ ಮೇಲೆ ಕಂಡಿದ್ದು ಬೇರೆ ಕಂಪನಿಯ ಕೋಲು. ಅಸಲಿ ಬಲಬುಷ್ಕಾ ಅಷ್ಟು ಅಮೂಲ್ಯ! ಲಂಡನ್ನಿನ ಜಾನ್ ಪ್ಯಾರಿಸ್ ಹೆಸರು ಸ್ನೂಕರ್ ಆಡೋರಿಗೆ ಗೊತ್ತು. ಇಂಥವರು ಬೆರಳೆಣಿಕೆಯಷ್ಟು. ಉಳಿದವರು ಕಾರ್ಖಾನೆಯ ಮುದ್ರೆಯ ಹಿಂದೆ ಅಡಗಿಹೋದರು.

ಆಟಗಾರನಿಗೆ ಮಾತ್ರ ಕೋಲಿನ ಬೆಲೆ ಗೊತ್ತು. ಸ್ಟೀಫನ್ ಹೆಂಡ್ರಿ ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದು ಹುಡುಗನಾಗಿದ್ದಾಗಿನಿಂದ ಜೊತೆಗಿದ್ದ ಒಂದೇ ಕೋಲಿನಿಂದ. 2003ರಲ್ಲಿ ಅದು ವಿಮಾನ ಪ್ರಯಾಣದಲ್ಲಿ ಮುರೀತು. ಜಗತ್ತಿನ ಪತ್ರಿಕೆಗಳಿಗೆ ಅದೇ ಸುದ್ದಿ.

ಈಗ ಮರಕ್ಕೇ ಕುತ್ತು ಬಂದಿದೆ. ಯುರೋಪಿನ ಆ್ಯಶ್ ಮರಗಳಿಗೆ ಶಿಲೀಂಧ್ರ ರೋಗ. 1992ರ ಸುಮಾರಿಗೆ ಪೋಲೆಂಡಿನಲ್ಲಿ ಕಂಡಿದ್ದು 2012ರ ಹೊತ್ತಿಗೆ ಬ್ರಿಟನ್ನಿನಲ್ಲೂ ಪತ್ತೆಯಾಯ್ತು. ಅಮೆರಿಕದ ಆ್ಯಶ್ ಮರಗಳನ್ನು ಏಷ್ಯಾದಿಂದ ಹೋದ ಹಸಿರು ಹುಳ ತಿಂತಿದೆ. ಅದು ಅಲ್ಲಿ ಪತ್ತೆಯಾಗಿದ್ದು 2002ರಲ್ಲಿ. ಹಿಡಿಕೆಗೆ ಬಳಸೋ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಕಟ್ಟುಪಾಡು. ಅದು ಬೇಕಾಗಿದ್ದೇ, ಕಾಡು ಉಳೀಬೇಕಲ್ಲ. ಆದರೆ ಮರ ದುರ್ಲಭವಾದಷ್ಟೂ, ಒಂದು ತುಂಡೂ ಹಾಳಾಗದ ಹಾಗೆ ಕೆಲಸ ಮಾಡೋ ಕೈ ಬೇಕು.

ಅಂಥ ಕೈ ನಮ್ಮಲ್ಲಿಲ್ವಾ? ಮೈಸೂರಿನ ಇನ್‌ಲೇ ಕೆಲಸದವರು ಬೀಟೆ ಹಲಗೆಯೊಳಗೆ ಬೇರೆ ಬಣ್ಣದ ಮರ ಕೂರಿಸ್ತಾರೆ, ಉಗುರಿಗೂ ಸಂದು ಸಿಗೋದಿಲ್ಲ. ಚನ್ನಪಟ್ಟಣದವರು ಮರವನ್ನು ದುಂಡಗೆ ಕಡೆಯೋದನ್ನು ತಲೆಮಾರುಗಳಿಂದ ಬಲ್ಲವರು. ಬೆಂಗಳೂರಿನ ಪಂಕಜ್ ಆಡ್ವಾಣಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ನಿಯಮ ಬರೆದ ಊಟಿ ನಮ್ಮ ಗಡಿಗೆ ಅಂಟಿಕೊಂಡಿದೆ. ಈ ಕುಶಲಕರ್ಮಿಗಳನ್ನೂ ಆ ಆಟಗಾರರನ್ನೂ ಒಂದು ಕೊಠಡಿಯಲ್ಲಿ ಕೂರಿಸೋಕೆ ದೊಡ್ಡ ಬಜೆಟ್ಟೇನೂ ಬೇಕಾಗಿಲ್ಲ. ಕರಕುಶಲ ನಿಗಮವಾಗಲಿ, ಕ್ರೀಡಾ ಇಲಾಖೆಯಾಗಲಿ ಯಾರಾದರೊಬ್ಬರು ಕರೆದರೆ ಸಾಕು.

ಮುಂದಿನ ಸಲ ಟಿವಿಯಲ್ಲಿ ಸ್ನೂಕರ್ ಬಂದಾಗ ಚೆಂಡಿನ ಜೊತೆ ಆಟಗಾರನ ಹಿಡಿಕೆಯನ್ನೂ ನೋಡಿ. ಎಸಳು ಚೂಪಾ, ದುಂಡಗಾ? ದುಂಡಗಿದ್ದರೆ, ಅದರ ಹಿಂದೆ ಒಬ್ಬ ಬಡಗಿ ಇದ್ದಾನೆ.